ಹೆಪ್ಪು ಹಾಕಿದ ಹಾಡು

ನೆನೆಹಾಕಿದ್ದ ಅವರೆಕಾಳನ್ನು ಒಂದೊಂದಾಗಿ ಹಿದುಕಿ ಬೋಗುಣಿಗೆ ಬೀಳಿಸುತ್ತಿದ್ದೆ. ಇನ್ನೊಂದು ಬೊಗಸೆಯಷ್ಟು ಉಳಿದಿತ್ತು. ಅಷ್ಟರಲ್ಲಿ ನನ್ನ ಮಗ್ಗುಲಲ್ಲೇ, ಕಂಬಕ್ಕೂ ನನಗೂ ನಡುವೆ ಇದ್ದ ಒಂದು ಮೊಳ ಜಾಗದಲ್ಲಿ, ಯಾರೋ ಹಾಡತೊಡಗಿದರು. ಕೈಯಲ್ಲಿದ್ದ ಕಾಳು ಜಾರಿ ಅಂಗಳಕ್ಕೆ ಹಾರಿತು. ಹಾಡುತ್ತಿದ್ದವಳು ನಾನೇ. ನೆನ್ನೆ ಇದೇ ಹೊತ್ತಿಗೆ ಇದೇ ಜಗಲಿಯಲ್ಲಿ ಕಾಯಿ ಸುಲಿಯುತ್ತಾ ಕೂತಿದ್ದಾಗ ಮೈಮರೆತು ಬಾಯಿ ಬಿಟ್ಟಿದ್ದೆ ಅಂತ ಕಾಣುತ್ತದೆ.

ನಮ್ಮೂರಿನಲ್ಲಿ ಮಾತು ಆಡಿದ ಕೂಡಲೇ ಕೇಳುತ್ತದೆ. ಹಾಡು ಮಾತ್ರ ಮರುದಿನ ಕೇಳುತ್ತದೆ. ಹಾಡಿದ ಜಾಗದಲ್ಲೇ, ಹಾಡಿದ ಹೊತ್ತಿಗೇ, ಒಂದೇ ಒಂದು ಸಲ. ಹಾಡುವಾಗ ಹಾಡುವವರಿಗೂ ಕೇಳುವುದಿಲ್ಲ, ಬಾಯಿ ಅಲ್ಲಾಡುವುದಷ್ಟೇ. ಇದಕ್ಕೆ ನಾವು ಹಾಡು ಹೆಪ್ಪು ಹಾಕುವುದು ಎನ್ನುತ್ತೇವೆ. ಹಾಲಿಗೆ ಮಜ್ಜಿಗೆ ಬಿಟ್ಟು ಮುಚ್ಚಿಟ್ಟ ಹಾಗೆ. ಗಟ್ಟಿಯಾಯಿತೋ ಹುಳಿಯಾಯಿತೋ ಗೊತ್ತಾಗುವುದು ಮುಚ್ಚಳ ತೆಗೆದಾಗಲೇ. ಬಸುರಿಗೆ ದಿನ ತುಂಬಿದರೆ ಮನೆಯ ಹಿರಿಯರು ವಾರದಿಂದಲೇ ಖಾಲಿ ತೊಟ್ಟಿಲ ಮುಂದೆ ಕೂತು ಬಾಯಾಡಿಸುತ್ತಾರೆ, ಕೂಸು ಬಂದ ದಿನ ಜೋಗುಳಕ್ಕೆ ಕೊರತೆಯಾಗಬಾರದಲ್ಲ. ಮದುವೆಯ ಆರತಿ ಹಾಡನ್ನು ಹಿಂದಿನ ದಿನವೇ ಹಸೆಮಣೆಗೆ ಹಾಡಿಟ್ಟಿರುತ್ತಾರಾದ್ದರಿಂದ ನಮ್ಮಲ್ಲಿ ಯಾವ ಮುಹೂರ್ತವೂ ತಡವಾಗುವುದಿಲ್ಲ; ತಡವಾದರೆ ಹಾಡು ಮುಗಿದಿರುತ್ತದೆ, ಹೆಣ್ಣು ಇನ್ನೂ ಜಡೆ ಹೆಣೆಸಿಕೊಳ್ಳುತ್ತಿರುತ್ತಾಳೆ. ರೇಡಿಯೋದಲ್ಲಿ ವಾರ್ತೆ ಇವತ್ತಿನದು, ಹಾಡು ನೆನ್ನೆಯದು. ಪೆಟ್ಟಿಗೆಯನ್ನು ಗೂಡಿನಿಂದ ಮೇಜಿಗೆ ಬದಲಾಯಿಸಿದರೆ ಒಂದು ದಿನ ಖಾಲಿ ಗೂಡೇ ಹಾಡುತ್ತದೆ. ಇನ್ನು ಬಚ್ಚಲಲ್ಲಿ ಹಾಡುವ ಚಟ ಇರುವವರ ಮನೆಗೆ ನೆಂಟರು ಬಂದರೆ, ಪಾಪ, ಸ್ನಾನಕ್ಕೆ ಹೋದ ನೆಂಟರು ಸೋಪು ಹಚ್ಚಿಕೊಂಡವರು ಹಾಗೇ ಓಡಿ ಬರುತ್ತಾರೆ.

ಸೊಸೆ ಶಿವಮಲ್ಲಿ ಒಳಗಿನಿಂದ ಸೌಟು ಹಿಡಿದುಕೊಂಡೇ ಬಂದಳು. ಬಾಗಿಲ ಚೌಕಟ್ಟಿಗೆ ಒರಗಿ ಕೊನೆಯವರೆಗೂ ಕೇಳಿದಳು.

"ಅತ್ತೆ, ಯಾರದಿದು?"

"ಯಾರೋ ದಾರೀಲಿ ಹೋಗೋರು ಕೂತಿದ್ರೇನೋ."

"ನೆನ್ನೆ ಈ ಜಗಲೀಲಿ ಕೂತಿದ್ದಿದ್ದು ನೀವು, ಅವರೆಕಾಯಿ, ಇಬ್ರೇ. ಕಾಯಿ ಹಾಡ್ತಾ?"

"ನಿನಗೆ ಸಾರು ಉಕ್ಕೋದು ಕಾಣಲ್ವಾ, ಹೋಗು ಒಳಕ್ಕೆ."

"ಸಾರು ಉಕ್ಲಿ. ಹದಿನಾಲ್ಕು ವರ್ಷ ಆಯ್ತು ನಾನು ಈ ಮನೆಗೆ ಬಂದು. ನನ್ನ ಮಕ್ಕಳಿಗೆ ಒಂದು ಜೋಗುಳ ಹೆಪ್ಪು ಹಾಕಿ ಅಂದ್ರೆ ನನಗೆ ಬರಲ್ಲ ಕಣಮ್ಮ ಅಂತಿದ್ರಿ. ಪಕ್ಕದ ಮನೆಯವರ ಕೈಕಾಲು ಹಿಡಿದು ಹಾಡಿಸ್ದೆ. ಈ ಕಂಠ ಇಟ್ಕೊಂಡು ಹೆಂಗೆ ಸುಮ್ನಿದ್ರಿ ಅತ್ತೆ ನೀವು?"

ನಾನು ಇನ್ನೊಂದು ಕಾಳು ಹಿದುಕಿ ಬೋಗುಣಿಗೆ ಹಾಕಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಹೋದವಳು ಸಾರಿನ ಕಡೆಗೆ ಹೋಗಲಿಲ್ಲ, ಬೀದಿಗೆ ಹೋದಳು. ನಾಟಕದ ಮನೆಯ ಬಾಗಿಲಿಗೆ ಪಟ್ಟಿ ಅಂಟಿಸಿದ್ದರು: ಈ ಸಲದ ಸಂಗೀತ ನಾಟಕ 'ಮೂಗುತಿ ಕದ್ದ ಮಂತ್ರಿ', ಪಾತ್ರ ಬೇಕಾದವರು ಹೆಸರು ಬರೆಯಿರಿ, ಸೋಮವಾರ ಹೆಪ್ಪು, ಮಂಗಳವಾರ ಪರೀಕ್ಷೆ. ಅದರಲ್ಲಿ ಸೂಲಗಿತ್ತಿ ಅಜ್ಜಿಯ ಪಾತ್ರದ ಕೆಳಗೆ ನನ್ನ ಹೆಸರು ಬರೆದು ಬಂದುಬಿಟ್ಟಳು. ಸೂಲಗಿತ್ತಿಗೆ ಮೂರು ಹಾಡುಗಳಿದ್ದವು. ಅಷ್ಟು ಹಾಡು ರಾಜನಿಗೂ ಇರಲಿಲ್ಲ.

ಬೈದೆ. ಆದರೆ ಹೋಗಿ ಹೆಸರು ಹೊಡೆದು ಹಾಕಲಿಲ್ಲ. ಯಾಕೆಂದು ಹೇಳಬೇಕಾದರೆ ನಂಜಮಣ್ಣಿಯ ವಿಷಯ ಹೇಳಬೇಕು.

ನಲವತ್ತೆರಡು ವರ್ಷದ ಹಿಂದೆ ನಾನು ಆ ನಾಟಕದ ಮನೆಯಲ್ಲಿ ಕಸ ಗುಡಿಸುವವಳು. ಆಗಷ್ಟೇ ಮದುವೆಯಾಗಿತ್ತು, ಸೊಸೆ ವೇಷ ಕಟ್ಟುತ್ತಾಳೆಂದರೆ ನನ್ನ ಅತ್ತೆ ಮನೆ ಬಾಗಿಲು ಹಾಕಿಕೊಳ್ಳುತ್ತಿದ್ದರು. ನಂಜಮಣ್ಣಿ ನನ್ನ ಗೆಳತಿ, ಒಂದೇ ಬೀದಿಯಲ್ಲಿ ಆಡಿ ಬೆಳೆದವರು. ನಾಟಕದಲ್ಲಿ ರಾಣಿಯ ಪಾತ್ರದ ಮೇಲೆ ಅವಳಿಗೆ ಆಸೆ. ನಿಂತರೆ ರಾಣಿ ನಿಂತ ಹಾಗೇ ಇರುತ್ತಿತ್ತು, ಮಾತಾಡಿದರೂ ರಾಣಿಯೇ. ಹಾಡಿದರೆ ಮಾತ್ರ ಎಣ್ಣೆ ಕಾಣದ ಗಾಡಿ ಚಕ್ರ. "ಸಣ್ಣತಾಯಿ, ನೀನು ಹಾಡು, ನಾನು ನಿಂತ್ಕೋತೀನಿ, ಯಾರಿಗೆ ಗೊತ್ತಾಗುತ್ತೆ?" ಎಂದಳು. ಗೊತ್ತಾಗುವಂತಿರಲಿಲ್ಲ. ಹೆಪ್ಪು ಹಾಕುವಾಗ ಯಾರೂ ನೋಡಬಾರದು, ನೋಡಿದರೆ ಹಾಡು ಒಡೆಯುತ್ತದೆ ಎಂಬುದು ನಮ್ಮೂರಿನ ನಂಬಿಕೆ; ಬಾಗಿಲು ಮುಚ್ಚಿಯೇ ಹಾಡುವುದು. ಶುಕ್ರವಾರ ಸಂಜೆ ಅವಳು ರಾಣಿಯಂತೆ ಒಳಕ್ಕೆ ಹೋಗುತ್ತಿದ್ದಳು, ಹಿಂದೆ ನಾನು ಪೊರಕೆ ಹಿಡಿದು. ಅವಳು ನನಗೆ ಬೆನ್ನು ಹಾಕಿ, ಗಡಿಯಾರ ನೋಡಿ ಹೊತ್ತು ಹೇಳುವಳು, ಸಿಂಹಾಸನದ ಮುಂದೆ ನಿಂತು ನಾನು ಹಾಡುವೆನು. ಶನಿವಾರದ ಆಟದಲ್ಲಿ ಅವಳು ಬಾಯಿ ಹೊಂದಿಸಿದರೆ ಊರೆಲ್ಲ ತಲೆದೂಗುವುದು.

ಮೊದಲ ಶನಿವಾರ ನನಗೂ ಖುಷಿಯೇ ಆಯಿತು. ಎರಡನೆಯ ಶನಿವಾರ ಅವಳಿಗೆ ಶಾಲು ಹೊದಿಸಿ ಹಾರ ಹಾಕಿದರು. ಮರುದಿನ ನಲ್ಲಿಯ ಹತ್ತಿರ ಹೆಂಗಸೊಬ್ಬಳು, "ಏನು ಕಂಠ ಕಣೆ ನಿನ್ನ ಗೆಳತೀದು! ನೀನೂ ಇದೀಯ, ಕೊಡ ತುಂಬಿದ್ದೂ ಗೊತ್ತಾಗದ ಮೂಗಿ ಥರ" ಎಂದಳು. ನನ್ನ ಕೊಡ ತುಂಬಿ ಹರಿಯುತ್ತಿತ್ತು, ನಿಜ.

ಮೂರನೆಯ ಶುಕ್ರವಾರ ನಂಜಮಣ್ಣಿಗೆ ಒಂದು ರಾತ್ರಿಯ ಜ್ವರ, ನನಗೆ ಬಿಟ್ಟು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನೊಬ್ಬಳೇ ಹೋದೆ. ರಂಗದ ಎಡಗಡೆಯ ಹಲಗೆಗೆ ಗೆದ್ದಲು ಹಿಡಿದಿದೆಯೆಂದು ಬಡಗಿ ಆ ಮಧ್ಯಾಹ್ನ ಸಿಂಹಾಸನವನ್ನು ಬಲಗಡೆಗೆ ಸರಿಸಿದ್ದ. ಅದರ ಸುತ್ತ ಕಸ ಗುಡಿಸಿದವಳೇ ನಾನು. ಗುಡಿಸಿ, ಪೊರಕೆ ಮೂಲೆಗಿಟ್ಟು, ಹೋಗಿ ಎಡಗಡೆಯ ಹಳೆಯ ಸುಣ್ಣದ ಗೆರೆಯ ಮೇಲೆ ನಿಂತು ಹಾಡಿದೆ.

ಶನಿವಾರ ಆ ಗೆರೆಯ ಮೇಲೆ ಈಟಿ ಹಿಡಿದು ನಿಂತಿದ್ದವನು ಕಾವಲುಗಾರನ ಪಾತ್ರದ ದೊಡ್ಡಸ್ವಾಮಿ. ಆಗಿನ್ನೂ ಇಪ್ಪತ್ತರ ಹುಡುಗ, ಅಂಟಿಸಿಕೊಂಡ ಮೀಸೆ ಕಿವಿಯವರೆಗೆ ಇತ್ತು. ರಾಜ ಬೇಟೆಗೆ ಹೊರಟ. ಬಲಗಡೆ ರಾಣಿ ಎದೆಗೆ ಕೈಯಿಟ್ಟು ಬಾಯಿ ತೆರೆದಳು. ಎಡಗಡೆ, ದೊಡ್ಡಸ್ವಾಮಿಯ ಮೀಸೆಯ ಕೆಳಗಿಂದ, "ಬಿಟ್ಟು ಹೋಗದಿರು ದೊರೆಯೆ, ಬಾಡುವುದು ಈ ಮೈಯ ಮಲ್ಲಿಗೆ" ಎಂದು ಹೆಣ್ಣು ಕಂಠ ಹೊರಟಿತು. ಅವನು ಒಂದು ಕ್ಷಣ ಕಲ್ಲಾಗಿ ನಿಂತ. ಆಮೇಲೆ ನಾಟಕ ಉಳಿಸಬೇಕೆಂದುಕೊಂಡನೋ ಏನೋ, ತಾನೇ ಬಾಯಾಡಿಸತೊಡಗಿದ, ಈಟಿಯ ತುದಿಯಲ್ಲಿದ್ದ ಕೆಂಪು ಬಟ್ಟೆಯಿಂದ ಕಣ್ಣೊರೆಸಿಕೊಂಡ. ರಾಜನಿಗೆ ಯಾರ ಗದ್ದ ಹಿಡಿಯಬೇಕೋ ತಿಳಿಯಲಿಲ್ಲ. ಹಾಡು ಬಂದ ಕಡೆಗೆ ನಡೆದು ಕಾವಲುಗಾರನ ಗದ್ದ ಹಿಡಿದುಬಿಟ್ಟ. ಜನ ಚಪ್ಪಾಳೆ ತಟ್ಟಿ, ಬೆಂಚಿನಿಂದ ಬಿದ್ದು ನಕ್ಕರು. ಅವತ್ತಿನಿಂದ ದೊಡ್ಡಸ್ವಾಮಿಗೆ 'ರಾಣಿಸ್ವಾಮಿ' ಎಂಬ ಹೆಸರು ಅಂಟಿತು. ಮುಂದೆ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ, ನಿವೃತ್ತನಾಗಿ, ಈಗ ನಾಟಕ ಆಡಿಸುವವನಾದರೂ ಆ ಹೆಸರು ಬಿಟ್ಟಿಲ್ಲ.

ನಂಜಮಣ್ಣಿಗೆ ಅಂಟಿದ್ದು ಬೇರೆ. 'ಕಂಠ ಚಿನ್ನ, ಕಾಲಿಗೆ ಕಣ್ಣಿಲ್ಲ' ಎಂದರು. ಅವಳೇ ತಪ್ಪು ಜಾಗದಲ್ಲಿ ನಿಂತು ಹೆಪ್ಪು ಹಾಕಿದಳೆಂದು ಊರಿಗೆ ಊರೇ ಆಡಿಕೊಂಡಿತು. ಅಲ್ಲವೆನ್ನಬೇಕಾದರೆ ಕಂಠ ಯಾರದೆಂದು ಹೇಳಬೇಕಾಗುತ್ತಿತ್ತು, ಅದಕ್ಕೇ ಬಾಯಿ ಬಿಡಲಿಲ್ಲ. ನನ್ನನ್ನು ಮಾತ್ರ ಒಂದು ಕೇಳಿದಳು: "ಸಿಂಹಾಸನ ಆ ಕಡೆ ಇದ್ದಿದ್ದು ನೋಡ್ಲಿಲ್ವೇನೇ ನೀನು?"

"ಇಲ್ಲ ಕಣೆ" ಎಂದೆ.

ಆ ವರ್ಷವೇ ಅವಳಿಗೆ ಮದುವೆಯಾಯಿತು. ಬೆಟ್ಟದಾಚೆಯ ಊರು. ಅಲ್ಲಿ ಹಾಡು ಹಾಡಿದ ಕೂಡಲೇ ಕೇಳುತ್ತದಂತೆ. ಮತ್ತೆ ಈ ಕಡೆ ಬರಲಿಲ್ಲ. ನಾನೂ ಅವತ್ತಿನಿಂದ ಬಾಯಿ ಮುಚ್ಚಿದೆ.

ಐವತ್ತು ದಾಟಿದ ಮೇಲೆ ರಾತ್ರಿ ಶಾಲೆಗೆ ಸೇರಿ ಅಕ್ಷರ ಕಲಿತೆ. ಯಾತಕ್ಕೆಂದು ಮೇಡಂ ಕೇಳಿದಾಗ, ಬಸ್ಸಿನ ಬೋರ್ಡು ಓದಲಿಕ್ಕೆ ಎಂದಿದ್ದೆ. ಕೊನೆಯ ಪರೀಕ್ಷೆಗೆ, ದೂರದಲ್ಲಿರುವವರಿಗೆ ಒಂದು ಕಾಗದ ಬರೆಯಿರಿ ಎಂದರು. ಎಲ್ಲರೂ ಅರ್ಧ ಪುಟ ಬರೆದರು, ನಾನು ನಂಜಮಣ್ಣಿಗೆ ಮೂರು ಪುಟ ಬರೆದೆ. ಅವರೆಕಾಯಿಯ ವಿಷಯ, ಬಾವಿ ಮುಚ್ಚಿದ್ದು, ಯಾರು ಯಾರು ತೀರಿಕೊಂಡರು, ಎಲ್ಲ ಇತ್ತು. ಮೇಡಂ ಹತ್ತಕ್ಕೆ ಒಂಬತ್ತು ಕೊಟ್ಟು, "ಚೆನ್ನಾಗಿದೆ ತಾಯಮ್ಮ, ಆದ್ರೆ ಕೊನೇಲಿ ಏನೋ ಹೇಳೋಕೆ ಹೊರಟು ನಿಲ್ಲಿಸಿದೀರ" ಎಂದರು. ಅವರ ಮಾತು ಸರಿ. 'ನೀನು ಅವತ್ತು ಕೇಳಿದ್ದೆಯಲ್ಲ' ಎಂದು ಬರೆದು ನಿಂತಿತ್ತು. ಆ ಕಾಗದ ಒಂಬತ್ತು ವರ್ಷದಿಂದ ವಿಳಾಸ ಬರೆಸಿಕೊಂಡು, ಅಂಟು ಕಾಣದೆ, ಹುಣಸೆಹಣ್ಣಿನ ಭರಣಿಯ ಹಿಂದಿನ ಬಿಸ್ಕತ್ತು ಡಬ್ಬದಲ್ಲಿ ಮಲಗಿತ್ತು. ಅಂಚೆಯ ಬೆಲೆ ಏರಿದಾಗಲೆಲ್ಲ ಇನ್ನೊಂದು ಸ್ಟಾಂಪು ಹಚ್ಚುತ್ತಾ ಬಂದಿದ್ದೆ, ನಾಳೆಯೇ ಹಾಕುವವಳ ಹಾಗೆ.

ಸೋಮವಾರ ಬಂತು. ನಾಟಕದ ಮನೆಯ ನಡುವೆ ಸುಣ್ಣದಲ್ಲಿ ಒಂದು ಚೌಕ ಬರೆದಿದ್ದರು. ಒಬ್ಬೊಬ್ಬರಿಗೆ ಹತ್ತು ನಿಮಿಷ, ಒಬ್ಬರೇ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳಬೇಕು. ನನ್ನದು ಕೊನೆಯ ಸರದಿ, ಹತ್ತೂ ನಲವತ್ತಕ್ಕೆ. ಚೌಕದಲ್ಲಿ ನಿಂತೆ. ಎರಡು ಸಲ ಬಗ್ಗಿ ನೋಡಿದೆ, ಗೆರೆಯೊಳಗೇ ಇದ್ದೇನೆಯೇ ಎಂದು. ಆಮೇಲೆ ಕಣ್ಣು ಮುಚ್ಚಿ ಹಾಡಿದೆ. ಏನೂ ಕೇಳಿಸಲಿಲ್ಲ. ಗೋಡೆಯ ಮೇಲಿನ ಹಲ್ಲಿ ಲೊಚಗುಟ್ಟಿದ್ದು ಮಾತ್ರ ಕೇಳಿಸಿತು.

ಮಂಗಳವಾರ ಬೆಂಚುಗಳೆಲ್ಲ ತುಂಬಿದ್ದವು. ಮುಂದುಗಡೆ ದೊಡ್ಡಸ್ವಾಮಿ, ಕೊರಳಲ್ಲಿ ಪೀಪಿ. ದನಕ್ಕೆ ಗುಳಿಗೆ ನುಂಗಿಸಿ ಅಭ್ಯಾಸವಾದ್ದರಿಂದ ಎದುರಿಗೆ ಯಾರು ಬಾಯಿ ತೆರೆದರೂ ಅವನ ಬಲಗೈ ತಾನಾಗಿ ಮೇಲೇಳುತ್ತಿತ್ತು. ಮೊದಲು ಬೇಕರಿಯ ಗುರುಪಾದ ಬಂದು ಚೌಕದಲ್ಲಿ ನಿಂತು ಬಾಯಿ ಹೊಂದಿಸಿದ. ನೆನ್ನೆ ಅವನಿಗೆ ಕೆಮ್ಮು. ಕೆಮ್ಮು ಹಾಡಲ್ಲವಲ್ಲ, ನೆನ್ನೆಯೇ ಕೇಳಿ ಹೋಗಿತ್ತು; ಇವತ್ತು ಹಾಡಿನ ತುಂಬ ತೂತು. ಪ್ರತಿ ತೂತಿನಲ್ಲೂ ಅವನು ಗಂಭೀರವಾಗಿ ಬಾಯಿ ತೆರೆದುಕೊಂಡು ನಿಂತಿದ್ದ.

"ಏನಪ್ಪಾ, ಬನ್ನಿನಲ್ಲಿ ದ್ರಾಕ್ಷಿ ಹಾಕಿದಂಗೆ ಅಲ್ಲೊಂದು ಇಲ್ಲೊಂದು ಸ್ವರ ಹಾಕಿದೀಯ" ಎಂದ ದೊಡ್ಡಸ್ವಾಮಿ.

ಮುಂದಿನವರು ನಿವೃತ್ತ ಹೆಡ್‌ಮೇಡಂ ವಿಶಾಲಾಕ್ಷಮ್ಮ. ಸೂಲಗಿತ್ತಿ ಪಾತ್ರದ ಮೇಲೆ ಅವರಿಗೂ ಕಣ್ಣು. ತಾಳಕ್ಕೆಂದು ನೆನ್ನೆ ರೂಲುದೊಣ್ಣೆಯಿಂದ ಮೇಜು ಕುಟ್ಟುತ್ತಾ ಹಾಡಿದ್ದರಂತೆ. ಮೇಜಿನ ಸದ್ದೂ ನೆನ್ನೆಯೇ ಮುಗಿದಿತ್ತು. ಇವತ್ತು ಬಂದ ಹಾಡಿಗೆ ತಾಳವೂ ಇಲ್ಲ, ತಲೆಯೂ ಇಲ್ಲ, ಮಗ್ಗಿ ಒಪ್ಪಿಸಿದ ಹಾಗಿತ್ತು. ಜನ ಹೆದರಿ ಚಪ್ಪಾಳೆ ತಟ್ಟಿದರು. ಅರ್ಧಕ್ಕರ್ಧ ಜನ ಅವರ ಕೈಯಲ್ಲಿ ಪೆಟ್ಟು ತಿಂದವರು.

ಹತ್ತೂ ನಲವತ್ತಕ್ಕೆ ನಾನು ಚೌಕದಲ್ಲಿ ನಿಂತೆ. ಹಾಡು ಬಂತು.

ನನ್ನ ಕಂಠ ಮುದಿಯಾಗಿತ್ತು, ತುದಿಯಲ್ಲಿ ಸ್ವಲ್ಪ ಸವೆದಿತ್ತು, ಆದರೆ ಅದೇ. ಬಾಯಿ ಹೊಂದಿಸುವುದನ್ನು ಮರೆತು ನಾನೂ ಕೇಳುತ್ತಾ ನಿಂತುಬಿಟ್ಟೆ. ಎದುರಿಗೆ ದೊಡ್ಡಸ್ವಾಮಿ ಮೆಲ್ಲಗೆ ಎದ್ದು ನಿಂತ. ಅವನ ಕೈ ತನಗೆ ತಿಳಿಯದೆ ಮೂತಿಯ ಮೇಲೆ, ಇಲ್ಲದ ಮೀಸೆಯ ಮೇಲೆ ಹೋಯಿತು. ಹಿಂದಿನ ಬೆಂಚಿನಿಂದ ಮುದುಕರೊಬ್ಬರು, "ಅಯ್ಯೋ, ನಂಜಮಣ್ಣಿ!" ಎಂದು ಕೂಗಿದರು.

ಹಾಡು ಮುಗಿದದ್ದೇ ತಡ ಗಲಾಟೆ. ವಿಶಾಲಾಕ್ಷಮ್ಮ ಬೆರಳೆತ್ತಿ ನಿಂತರು. "ಇದು ಮೋಸ! ಈ ಕಂಠ ನನಗೆ ಗೊತ್ತಿಲ್ವಾ? ಶಾಲು ಹೊದಿಸಿದವಳೇ ನಾನು. ನಂಜಮಣ್ಣೀನ ಕದ್ದು ಕರೆಸಿ ನೆನ್ನೆ ಹಾಡಿಸಿದಾರೆ. ನೋಡಿ, ಈಯಮ್ಮನಿಗೆ ಬಾಯಿ ಹೊಂದಿಸೋಕೂ ಬರ್ಲಿಲ್ಲ!"

"ನಮ್ಮತ್ತೆ ಹಂಗೆಲ್ಲ ಮಾಡೋರಲ್ಲ ಮೇಡಂ," ಶಿವಮಲ್ಲಿ ಎದ್ದಳು. "ನೆನ್ನೆ ಬಾಗಿಲವರೆಗೂ ನಾನೇ ಬಂದಿದ್ದೆ."

"ಒಳಗೆ ಯಾರಿದ್ರು ಅಂತ ನೋಡಿದ್ಯಾ?"

"ಹೆಪ್ಪು ಹಾಕೋವಾಗ ನೋಡ್ತಾರಾ ಯಾರಾದ್ರೂ?"

"ಮತ್ತೆ!"

ನನಗೆ ನಗು ಬರುವಂತಾಯಿತು. ಅವತ್ತು ನನ್ನ ಹಾಡು ನಂಜಮಣ್ಣಿಯದಾಯಿತು. ಇವತ್ತೂ ಅವಳದೇ ಆಗುತ್ತಿದೆ, ಮೇಲಿಂದ ನಾನು ಕಳ್ಳಿ. ಹೌದೆಂದುಬಿಟ್ಟರೆ ಸುಲಭವಿತ್ತು. ಅವಳ ಹೆಸರು ಉಳಿಯುತ್ತಿತ್ತು, ನಾನು ಅವರೆಕಾಳಿಗೆ ವಾಪಸು ಹೋಗಬಹುದಿತ್ತು. ಆದರೆ ಉಳಿಯುವುದು ಯಾವ ಹೆಸರು? ಅದೇ ಹೊತ್ತಿಗೆ ಯಾರೋ, "ಕಂಠ ಚಿನ್ನ, ಕಾಲಿಗೆ ಕಣ್ಣಿಲ್ಲ, ಅವಳೇ ಅಲ್ವಾ?" ಎಂದು ಪಕ್ಕದವರಿಗೆ ಹೇಳಿ ಕಿಸಕ್ಕೆಂದರು. ನಲವತ್ತೆರಡು ವರ್ಷವಾದರೂ ಆ ನಗು ಹಳಸಿರಲಿಲ್ಲ.

ದೊಡ್ಡಸ್ವಾಮಿ ಪೀಪಿ ಊದಿದ. ಎಲ್ಲರೂ ಸುಮ್ಮನಾದರು. ಅವನು ನನ್ನನ್ನೇ ನೋಡುತ್ತಾ ಕೇಳಿದ: "ಸಣ್ಣತಾಯಕ್ಕ, ಯಾರು ಹಾಡಿದ್ದು?"

"ಹೇಳಿದ್ರೆ ನಂಬ್ತೀರಾ?"

"ಇಷ್ಟು ಜನ ನಂಬಬೇಕಲ್ಲ."

"ಹಂಗಾದ್ರೆ ಬಾಗಿಲು ತೆಗೆದೇ ಇರ್ಲಿ. ಎಲ್ಲರ ಎದುರಿಗೇ ಹಾಡ್ತೀನಿ. ನಾಳೆ ಬಂದು ಕೇಳಿ."

"ನೋಡಿದ್ರೆ ಹಾಡು ಒಡೆಯುತ್ತೆ!" ಎಂದರು ವಿಶಾಲಾಕ್ಷಮ್ಮ. ಇಂಥದನ್ನು ಅವರು ನಂಬುತ್ತಾರೆಂದು ನನಗೆ ಗೊತ್ತಿರಲಿಲ್ಲ.

"ಒಡೆದ್ರೆ ಪಾತ್ರ ನಿಮಗೇ ಇರ್ಲಿ ಬಿಡಿ ಮೇಡಂ."

ಗಲಾಟೆಯಲ್ಲೇ ಹನ್ನೊಂದೂವರೆಯಾಗಿತ್ತು. ಇಡೀ ಊರು ನನ್ನ ಬಾಯನ್ನೇ ನೋಡುತ್ತಿತ್ತು. ನಮ್ಮೂರಿನಲ್ಲಿ ಯಾರೂ ಇನ್ನೊಬ್ಬರು ಹಾಡುವುದನ್ನು ಹೀಗೆ ಕೂತು ನೋಡಿದವರಲ್ಲ. ಕೆಲವರು ನಾಚಿ ತಲೆ ತಗ್ಗಿಸಿದರು, ಗುರುಪಾದ ಬೆರಳ ಸಂದಿನಿಂದ ನೋಡಿದ. ನಾನು ರಾಣಿಯ ಹಾಡನ್ನೇ ಎತ್ತಿಕೊಂಡೆ, ಬಿಟ್ಟು ಹೋಗದಿರು ದೊರೆಯೆ. ಸದ್ದಿಲ್ಲ. ತುಟಿಯಾಡುವುದನ್ನು ನೋಡಿಯೇ ದೊಡ್ಡಸ್ವಾಮಿಗೆ ಯಾವ ಹಾಡೆಂದು ತಿಳಿಯಿತು. ಎರಡನೆಯ ಸಾಲಿಗೆ ಅವನ ತುಟಿಯೂ ಆಡತೊಡಗಿತು. ಆ ಹಾಡು ಅವನಿಗೆ ಬಾಯಿಪಾಠ. ಊರವರು ರೇಗಿಸಿ ರೇಗಿಸಿ ಕಲಿಸಿದ್ದರು.

ಮುಗಿದ ಮೇಲೆ ಬಾಗಿಲವರೆಗೆ ನನ್ನ ಹಿಂದೆಯೇ ಬಂದ. "ಅಕ್ಕ, ಅವತ್ತು ನನ್ನ ಮೀಸೆ ಕೆಳಗೆ ಇದ್ದಿದ್ದು..."

"ನಾಳೆ ಹನ್ನೊಂದೂವರೆಗೆ ಗೊತ್ತಾಗುತ್ತೆ."

"ನಲವತ್ತೆರಡು ವರ್ಷ ಕಾದಿದೀನಿ, ಇನ್ನೊಂದು ದಿನ ದೊಡ್ಡದಲ್ಲ. ಆದ್ರೆ ಒಂದು ಹೇಳಿ. ಬೇಕು ಅಂತ್ಲೇ ನನ್ನ ಹತ್ರ ನಿಂತ್ರಾ?"

"ನಿನ್ನ ಹತ್ರ ಅಂತ ಅಲ್ಲಪ್ಪ. ಅಲ್ಲಿ ಯಾರು ನಿಲ್ತಾರೆ ಅಂತ ನನಗೆ ಗೊತ್ತೇ ಇರ್ಲಿಲ್ಲ."

ಅವನು ಕೊರಳಿನ ಪೀಪಿಯನ್ನು ಜೇಬಿಗೆ ಹಾಕಿಕೊಂಡ. "ಹೋಗ್ಲಿ ಬಿಡಿ. ನನಗೆ ಅದೊಂದೇ ಸಲ ಚಪ್ಪಾಳೆ ಬಿದ್ದಿದ್ದು."

ಮನೆಗೆ ಬಂದವಳೇ ಭರಣಿ ಸರಿಸಿ ಡಬ್ಬ ತೆಗೆದೆ. ನಾಳೆ ಹನ್ನೊಂದೂವರೆಗೆ ಊರಿಗೆಲ್ಲ ತಿಳಿಯುತ್ತದೆ. ಆಮೇಲೆ ಯಾರ ಬಾಯಿಂದಲೋ ಬೆಟ್ಟದಾಚೆಗೂ ಹೋಗುತ್ತದೆ. ಅದಕ್ಕೆ ಮೊದಲು ನನ್ನ ಕಾಗದ ಹೊರಟಿರಬೇಕು. ಅಂಚೆ ಡಬ್ಬಿ ತೆಗೆಯುವುದು ನಾಲ್ಕಕ್ಕೆ. ಶಿವಮಲ್ಲಿ ಅನ್ನಕ್ಕೆ ಕರೆದಳು, ಬರುತ್ತೇನೆಂದೆ, ಹೋಗಲಿಲ್ಲ. ಮೂರನೆಯ ಪುಟದ ಕೊನೆಯಲ್ಲಿ 'ನೀನು ಅವತ್ತು ಕೇಳಿದ್ದೆಯಲ್ಲ' ಎಂಬುದರ ಮುಂದೆ ಪೆನ್ನು ಊರಿದೆ. ಒಂಬತ್ತು ವರ್ಷ ಸಿಗದಿದ್ದ ಮಾತು ಅಷ್ಟೇನೂ ಉದ್ದವಿರಲಿಲ್ಲ.

'ನೋಡಿದ್ದೆ' ಎಂದು ಬರೆದೆ.

ಅದೊಂದು ಇಳಿದ ಮೇಲೆ ಉಳಿದದ್ದು ತಾನಾಗಿ ಬಂತು. 'ಸಿಂಹಾಸನ ನೋಡಿಯೇ ಆ ಕಡೆ ನಿಂತೆ. ಕಂಠ ನನ್ನದು, ತಪ್ಪಿದ ಕಾಲೂ ನನ್ನದು. ನಿನ್ನ ಕಾಲಿಗೆ ಕಣ್ಣಿತ್ತು. ನಾಳೆ ಊರವರಿಗೆಲ್ಲ ಎರಡನ್ನೂ ಹೇಳುತ್ತೇನೆ. ಇದರಿಂದ ನಿನ್ನ ಹಾಡಿನ ಹೆಸರು ಹೋಗುತ್ತದೆ, ಅದಕ್ಕೆ ನನ್ನನ್ನು ಬೈಯಬೇಕು ಅನಿಸಿದರೆ ಕಾಗದದಲ್ಲಿ ಬೈಯಬೇಡ, ಬಂದು ಬೈಯಿ. ಯುಗಾದಿ ಕಳೆದ ಶನಿವಾರ ನಾಟಕ. ನನಗೆ ಪಾತ್ರ ಸಿಕ್ಕರೂ ಸಿಗದಿದ್ದರೂ ಮುಂದಿನ ಬೆಂಚಿನಲ್ಲಿ ನಿನಗೆ ಜಾಗ ಹಿಡಿದಿರುತ್ತೇನೆ. ನಿನಗೆ ಮಂಡಿನೋವು ಅಂತ ಕೇಳಿದೆ, ನನಗೂ ಇದೆ.'

ಅನ್ನದ ಅಗುಳಿನಲ್ಲಿ ಲಕೋಟೆ ಅಂಟಿಸಿದೆ. ಸ್ಟಾಂಪು ಆಗಲೇ ಬೇಕಾದ್ದಕ್ಕಿಂತ ಹೆಚ್ಚಿದ್ದವು, ವಿಳಾಸಕ್ಕೇ ಜಾಗ ಕಮ್ಮಿ. ಸೊಸೆ ಬಾಗಿಲಲ್ಲಿ ನಿಂತು, "ಊಟ ಬಿಟ್ಟು ಎಲ್ಲಿಗೆ ಅತ್ತೆ?" ಎಂದಳು. "ಮೂಲೆ ಅಂಗಡಿವರೆಗೆ" ಎಂದು ಚಪ್ಪಲಿ ಮೆಟ್ಟಿದೆ.

ಅಂಚೆ ಡಬ್ಬಿಯ ಬಾಯಿಗೆ ಬಿಸಿಲು ಬಿದ್ದು ಕಾದಿತ್ತು. ಪೋಸ್ಟ್‌ಮ್ಯಾನ್ ಆಗಲೇ ಸೈಕಲ್ಲು ಒರಗಿಸಿ ಬೀಗದ ಕೈ ಹುಡುಕುತ್ತಿದ್ದ. "ಕೊಡಿ ಅಜ್ಜಿ, ನನ್ನ ಕೈಗೇ ಕೊಡಿ" ಎಂದ. "ಬೇಡಪ್ಪ, ನಾನೇ ಹಾಕ್ತೀನಿ" ಎಂದೆ. ಒಳಕ್ಕೆ ಬಿಟ್ಟು, ಅಭ್ಯಾಸಬಲದಿಂದ ಕಿವಿಯೊಡ್ಡಿ ನಿಂತೆ, ನಾಳೆ ಕೇಳುತ್ತದೇನೋ ಎನ್ನುವವಳ ಹಾಗೆ. ಹಾಗಾಗಲಿಲ್ಲ. ಕಾಗದ ತಳಕ್ಕೆ ಬಿದ್ದ ಸದ್ದು ಅಲ್ಲೇ, ಆಗಲೇ ಕೇಳಿಸಿತು.